ಜುಲೈ ತಿಂಗಳ ಮುದ್ರೆ

ಸೆಪ್ಟೆಂಬರ್ ಒಂಬತ್ತು, ಬೆಳಗ್ಗೆ 9.40. ಠಾಣೆಯ ಮೆಟ್ಟಿಲು ಹತ್ತಿ ಬಂದವನ ಅಂಗಿಯ ಗುಂಡಿಗಳು ಮೇಲೆ ಕೆಳಗಾಗಿದ್ದವು, ಒಂದು ಕಾಲಲ್ಲಿ ಮಾತ್ರ ಚಪ್ಪಲಿ ಇತ್ತು. ಅರವತ್ತು ದಾಟಿದ ಮನುಷ್ಯ. ದೂರು ಬರೆದುಕೊಳ್ಳುವ ಹೆಡ್ ಕಾನ್‌ಸ್ಟೇಬಲ್‌ನನ್ನು ಠಾಣೆಯಲ್ಲಿ ಎಲ್ಲರೂ ರೈಟರ್ ಎನ್ನುತ್ತಿದ್ದರು. ಅವನು ಕುರ್ಚಿ ಎಳೆದು ಕೊಟ್ಟರೂ ಬಂದವನು ಕೂರಲಿಲ್ಲ.

“ನನ್ನ ಮಗಳನ್ನ ಕೊಂದ್ಬಿಟ್ರು. ಬರ್ಕೊಳಿ.”

ಊರಿನ ಒಂದೇ ಒಂದು ಗ್ಯಾಸ್ ಬಂಕಿನಲ್ಲಿ 8.10ಕ್ಕೆ ವ್ಯಾನೊಂದು ಸ್ಫೋಟಗೊಂಡ ಸುದ್ದಿ ಆಗಲೇ ಬಂದಿತ್ತು. ಗ್ಯಾಸ್ ತುಂಬುತ್ತಿದ್ದ ಹುಡುಗಿ ಸತ್ತಿದ್ದಳು. ಅವಳ ಅಪ್ಪ ಇವನು.

ಇನ್‌ಸ್ಪೆಕ್ಟರ್ ಮೇಡಂ ಒಳಗಿನಿಂದ ಎದ್ದು ಬಂದರು. “ಯಾರ ಮೇಲೆ ಅನುಮಾನ?”

“ಅನುಮಾನ ಏನ್ ಬಂತು? ಬಂಕಿನ ಮ್ಯಾನೇಜರ್. ಇನ್ನೂರಕ್ಕೆ ನಿಲ್ಲಿಸಬೇಕಾದ ಒತ್ತಡಾನ ಮೇಲಕ್ಕೆ ಏರಿಸಿದಾನೆ. ಇಲ್ದಿದ್ರೆ ಸಿಲಿಂಡರ್ ತಾನಾಗೇ ಒಡೆಯಲ್ಲ.”

“ನಿಮಗೆ ಹೇಗೆ ಗೊತ್ತು?”

“ಸಾರಿಗೆ ಇಲಾಖೆಯಲ್ಲಿ ಟೆಕ್ನಿಷಿಯನ್ ಆಗಿದ್ದೆ. ಈಗ ಮನೇಲಿದೀನಿ.”

ಎಫ್‌ಐಆರ್ ದಾಖಲಾಯಿತು. ಸಹಿ ಹಾಕುವಾಗ ಅವನ ಪೆನ್ನಿನ ಮೊನೆಗೆ ಕಾಗದ ಹರಿಯಿತು.

ಬಂಕಿನಲ್ಲಿ ಪಂಚನಾಮೆ ಶುರುವಾದದ್ದು 11.15ಕ್ಕೆ. ಚಾವಣಿಯ ತಗಡು ಮೇಲಕ್ಕೆ ಮಡಚಿಕೊಂಡಿತ್ತು. ವ್ಯಾನಿನ ಹಿಂಭಾಗ ಹೂವಿನ ಹಾಗೆ ಬಿಚ್ಚಿಹೋಗಿತ್ತು. ಇಪ್ಪತ್ತು ವರ್ಷ ಹೆಣಗಳನ್ನು ನೋಡಿದ್ದ ರೈಟರ್, ಕಂಬಕ್ಕೆ ಅಂಟಿದ್ದ ಒಂದು ಜಡೆಯ ಕ್ಲಿಪ್ಪನ್ನು ಬಿಡಿಸಿ ಲಕೋಟೆಗೆ ಹಾಕಿ, ಅದರ ಮೇಲೆ ಏನು ಬರೆಯಬೇಕೆಂದು ಮೇಡಂ ಅವರನ್ನು ಕೇಳಿದ.

ಮ್ಯಾನೇಜರ್ ನೆಲದ ಮೇಲೆ ಕೂತಿದ್ದ. “ಜನ ಇಳಿಯದೆ ಅವಳು ಪೈಪ್ ಮುಟ್ತಾನೇ ಇರ್ಲಿಲ್ಲ ಮೇಡಂ. ಬಯ್ದ್ರೂ ಕೇಳ್ತಿರ್ಲಿಲ್ಲ. ಇವತ್ತೂ ಹತ್ತು ಹೆಂಗಸರನ್ನ ಗೇಟಿನಾಚೆ ಕಳಿಸಿ ಆಮೇಲೆ ತುಂಬೋಕೆ ನಿಂತಳು.”

ಯಂತ್ರದ ದಾಖಲೆ ತೆಗೆಸಿದರು. ಆ ಬೆಳಗ್ಗೆ ಒತ್ತಡ ನೂರ ತೊಂಬತ್ತೆಂಟು ದಾಟಿರಲಿಲ್ಲ. ಮ್ಯಾನೇಜರನ ತಪ್ಪಿರಲಿಲ್ಲ.

ಸ್ಫೋಟಕ ಇಲಾಖೆಯಿಂದ ಬಂದ ತಜ್ಞ ಸಿಲಿಂಡರಿನ ತುಂಡೊಂದನ್ನು ಬೆಳಕಿಗೆ ಹಿಡಿದ. “ಒಳಗಿಂದ ತುಕ್ಕು ತಿಂದು ಗೋಡೆ ಅರ್ಧಕ್ಕೆ ಇಳಿದಿದೆ. ನೀರು ತುಂಬಿ ಒತ್ತಡ ಕೊಟ್ಟು ನೋಡಿದ್ರೆ ಅವತ್ತೇ ಗೊತ್ತಾಗ್ತಿತ್ತು.”

“ಪರೀಕ್ಷೆನೇ ಆಗಿಲ್ವಾ?”

ಅವನು ತುಂಡಿನ ಮೇಲಿದ್ದ ಹಿತ್ತಾಳೆ ಪಟ್ಟಿಯನ್ನು ಒರೆಸಿ ತೋರಿಸಿದ. ಸರ್ಕಾರಿ ಪರೀಕ್ಷಾ ಕೇಂದ್ರದ ಮುದ್ರೆ. ಕೆಳಗೆ ಇದೇ ವರ್ಷದ ಜುಲೈ ತಿಂಗಳು.

ವ್ಯಾನಿನ ಚಾಲಕ ಬಿಲ್ಲಿನ ಚೀಟಿ ತರಲು ಹೋಗಿದ್ದರಿಂದ ಬದುಕಿದ್ದ. ಸಂಜೆ ನಾಲ್ಕಕ್ಕೆ ಆಸ್ಪತ್ರೆಯಲ್ಲಿ ವಿಚಾರಣೆ.

“ಪರೀಕ್ಷೆ ಯಾರು ಮಾಡಿದ್ದು?”

“ಮಾಡಿಸಿದೀನಿ ಮೇಡಂ.”

“ಯಾರು ಅಂತ ಕೇಳ್ದೆ.”

ಅವನು ಗೋಡೆ ಕಡೆ ಮುಖ ತಿರುಗಿಸಿದ. “ನನ್ನನ್ನೇ ಒಳಗೆ ಹಾಕಿ. ಆ ಮನುಷ್ಯನಿಗೆ ಇವತ್ತು ಆಗಿರೋದೇ ಸಾಕು.”

ಮೆಟ್ಟಿಲಿಳಿಯುವಾಗ ರೈಟರ್ ಕೇಳಿದ: “ಇವತ್ತು ಆಗಿರೋದು ಅಂದ್ರೆ?” “ನಾಳೆ ಬೆಳಗ್ಗೆ ಸಾರಿಗೆ ಕಚೇರಿಗೆ ಹೋಗೋಣ,” ಎಂದರು ಇನ್‌ಸ್ಪೆಕ್ಟರ್.

ಮರುದಿನ 10.30ಕ್ಕೆ ಸಾರಿಗೆ ಕಚೇರಿ. ಗುಮಾಸ್ತ ದೂಳು ಕೊಡವಿ ಫೈಲು ಬಿಚ್ಚಿದ. ಹಳೇ ವ್ಯಾನನ್ನು ಗ್ಯಾಸಿಗೆ ಬದಲಾಯಿಸಿಕೊಂಡರೆ ಅರ್ಧ ತೆರಿಗೆ, ಮೂರು ವರ್ಷಕ್ಕೊಮ್ಮೆ ಸಿಲಿಂಡರಿನ ಪುಕ್ಕಟೆ ಪರೀಕ್ಷೆ. ಆರು ವರ್ಷ ನಡೆದ ಯೋಜನೆ ಈ ಮಾರ್ಚ್ ಮೂವತ್ತೊಂದಕ್ಕೆ ರದ್ದಾಗಿತ್ತು.

“ಶುರು ಮಾಡಿದಾಗ ಫೋಟೋಕ್ಕೆ ನಿಲ್ಲೋಕೆ ಮೂವತ್ತು ಜನ ಬಂದಿದ್ರು,” ಅಂದ ಗುಮಾಸ್ತ. “ಪರೀಕ್ಷಾ ಕೇಂದ್ರಕ್ಕೆ ಬೀಗ ಹಾಕೋವಾಗ ನಾನೊಬ್ನೇ.”

“ಪರೀಕ್ಷೆ ಮಾಡಿಸ್ಬೇಕು ಅನ್ನೋ ನಿಯಮ?”

“ಅದು ರದ್ದಾಗಿಲ್ಲ. ಪರೀಕ್ಷೆ ಇಲ್ದೆ ಪರ್ಮಿಟ್ ಇಲ್ಲ. ಮುನ್ನೂರು ಕಿಲೋಮೀಟರ್ ದೂರದಲ್ಲಿ ಒಂದು ಖಾಸಗಿ ಕೇಂದ್ರ ಇದೆ, ಮೂರು ತಿಂಗಳು ಕಾಯಬೇಕು.”

“ಹಾಗಾದ್ರೆ ಮುಚ್ಚಿದ ಕೇಂದ್ರದ ಮುದ್ರೆ ಜುಲೈನಲ್ಲಿ ಎಲ್ಲಿಂದ ಬಂತು?”

ಗುಮಾಸ್ತ ಕೇಂದ್ರದಿಂದ ವಾಪಸಾದ ಸಾಮಾನಿನ ಪಟ್ಟಿಯ ಮೇಲೆ ಬೆರಳಿಟ್ಟು ಕೆಳಗಿಳಿಸಿದ. ಪಂಪು ಜಮಾ. ಮೀಟರು ಜಮಾ. ಅಕ್ಷರ ಒತ್ತುವ ಪಂಚಿನ ಪೆಟ್ಟಿಗೆಯ ಎದುರಿನ ಜಾಗ ಖಾಲಿ.

“ಯಾರ ಹತ್ರ ಇತ್ತು?”

ಅವನು ಹೆಸರು ಹೇಳಿದ. ರೈಟರನ ಕೈಯಲ್ಲಿದ್ದ ಪೆನ್ನು ನಿಂತುಹೋಯಿತು. ಆ ಹೆಸರನ್ನು ಅವನು ಹಿಂದಿನ ದಿನವೇ ಬರೆದಿದ್ದ, ದೂರುದಾರರ ಕಾಲಂನಲ್ಲಿ.

12.05ಕ್ಕೆ ಅವನ ಮನೆ. ಹೆಂಡತಿ ಮೂಲೆಯಲ್ಲಿ ಅಕ್ಕಪಕ್ಕದವರ ನಡುವೆ ಕೂತಿದ್ದಳು. ಅವನೇ ಎದುರು ಬಂದ. “ಮ್ಯಾನೇಜರ್ ಸಿಕ್ಕಿಬಿದ್ನಾ ಮೇಡಂ?”

ಇನ್‌ಸ್ಪೆಕ್ಟರ್ ಅವನನ್ನು ಹಿತ್ತಲಿನ ಕೋಣೆಗೆ ಕರೆದೊಯ್ದು ಹಿತ್ತಾಳೆ ಪಟ್ಟಿಯ ಫೋಟೋ ಕೈಗೆ ಕೊಟ್ಟರು. ಅವನು ಕನ್ನಡಕ ಹಾಕಿಕೊಂಡು ಕೇಂದ್ರದ ಸಂಖ್ಯೆಯನ್ನು ಗಟ್ಟಿಯಾಗಿ ಓದಿದ. ತಿಂಗಳು ಓದುವಷ್ಟರಲ್ಲಿ ದನಿ ನಿಂತಿತು.

“ಇದು ಬೇರೆ ಯಾವುದೋ ಗಾಡೀದು.”

“ಅದೇ ಗಾಡೀದು.”

“ಇಲ್ಲ.” ಅವನು ಫೋಟೋವನ್ನು ತಿರುಗಿಸಿ ಹಿಂಭಾಗ ನೋಡಿದ, ಅಲ್ಲಿ ಬೇರೇನಾದರೂ ಬರೆದಿರಬಹುದು ಎಂಬಂತೆ. “ಇಲ್ಲ ತಾಯಿ. ಅದನ್ನ ನಾನು ಕೈಯಲ್ಲಿ ತಟ್ಟಿ ನೋಡಿದ್ದೆ. ಸದ್ದು ಸರಿಯಾಗೇ ಇತ್ತು.”

ಆಮೇಲೆ ಅವನು ಗೋಡೆಗೆ ಒರಗಿ ನೆಲದ ಮೇಲೆ ಕೂತ. ರೈಟರ್ ನೀರು ತಂದ. ಕುಡಿಯಲಿಲ್ಲ.

“ಇಂಥವು ಎಷ್ಟು ಗಾಡಿಗೆ ಒತ್ತಿದೀರಿ?” ಇನ್‌ಸ್ಪೆಕ್ಟರ್ ಅವನ ಮುಂದೆಯೇ ಕುಕ್ಕರುಗಾಲಲ್ಲಿ ಕೂತರು. “ನನ್ನ ಕಡೆ ನೋಡಿ. ಬಾಕಿಯವು ಈಗಲೂ ರಸ್ತೆ ಮೇಲಿವೆ.”

ಆ ಮಾತು ಅವನಿಗೆ ತಾಗಿತು. “ನಲವತ್ತೊಂದು,” ಎಂದ. ಕಾಗದ ಕೇಳಿದ. ಉಳಿದ ನಲವತ್ತು ಗಾಡಿಗಳ ನಂಬರನ್ನು ಒಂದನ್ನೂ ಹೊಡೆದು ಹಾಕದೆ ನೆನಪಿನಿಂದ ಬರೆದ. ಹನ್ನೆರಡು ಶಾಲೆಯ ವ್ಯಾನುಗಳಿದ್ದವು. ಅವನ್ನು ಮೊದಲು ಬರೆದ.

ಪಂಚಿನ ಪೆಟ್ಟಿಗೆ ಮಂಚದಡಿ ಸಿಕ್ಕಿತು. 12.50ಕ್ಕೆ ಬಂಧನ. ಜೀಪು ಹತ್ತುವಾಗ ಹೆಂಡತಿ ಬಾಗಿಲಿಗೆ ಬಂದು, “ಇವರನ್ನ ಯಾಕೆ ಕರ್ಕೊಂಡ್ ಹೋಗ್ತಿದೀರಿ?” ಎಂದಳು. ಅವನೇ ಹೇಳಿದ. “ನಾನೇ ಕಣೇ.” ಅವಳಿಗೆ ಅದು ಅರ್ಥವಾಗುವ ಮೊದಲೇ ಜೀಪು ಹೊರಟಿತು.

ಸಂಜೆಯೊಳಗೆ ಮೂವತ್ತೆಂಟು ಗಾಡಿಗಳನ್ನು ತಡೆದರು, ಮರುದಿನ ಇನ್ನೆರಡನ್ನು. ಅವುಗಳಲ್ಲಿ ನಾಲ್ಕರ ಸಿಲಿಂಡರುಗಳು ಒಡೆಯಲು ಸಿದ್ಧವಾಗಿದ್ದವು. ಎರಡು ಶಾಲೆಯವು.

ಹೇಳಿಕೆ ಬರೆದುಕೊಳ್ಳುವಾಗ ಇನ್‌ಸ್ಪೆಕ್ಟರ್ ಕೇಳಿದರು: “ದುಡ್ಡಿಗಾ?”

“ಒಂದು ಟೀನೂ ಕುಡಿದಿಲ್ಲ.” ಅವನು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ. “ಗ್ಯಾಸಿಗೆ ಬದಲಾಗಿ, ಹೊಗೆ ಇರಲ್ಲ, ಪರೀಕ್ಷೆ ನಮ್ಮ ಜವಾಬ್ದಾರಿ ಅಂತ ಬೀದಿ ಬೀದಿ ಸುತ್ತಿ ಹೇಳಿದೋನು ನಾನು. ಯೋಜನೆ ರದ್ದು ಮಾಡಿದೋರ ಮನೆ ಗಾಡಿಯೋರಿಗೆ ಗೊತ್ತಿರ್ಲಿಲ್ಲ. ನನ್ನ ಮನೆ ಗೊತ್ತಿತ್ತು. ಬಾಗಿಲಿಗೆ ಬಂದು ನಿಂತೋರಿಗೆ, ನನ್ನ ಕೈಲಿ ಇನ್ನು ಏನೂ ಇಲ್ಲ ಅಂತ ಹೇಳೋಕೆ ನನಗೆ ನಾಚಿಕೆ ಆಯ್ತು.”

ರೈಟರ್ ಹೇಳಿಕೆಯನ್ನು ಓದಿ ಹೇಳಿದ. ಕೊನೆಯ ವಾಕ್ಯಕ್ಕೆ ಬಂದಾಗ ಅವನು, “ಹೌದು, ನಾಚಿಕೆ,” ಎಂದು ಸಹಿ ಹಾಕಿದ.