ಯೋಗರಾಜ್ ಅಂದ್ರೆ ಯಾರು?

"ಕೈ ಕೊಡಿ ಮೇಡಂ, ಹಲಗೆ ಜಾರುತ್ತೆ."

"ಕೈ ಕೊಡೋ ಅಭ್ಯಾಸ ಭದ್ರಾವತಿಯವರಿಗೆ ಇಲ್ಲ ರೀ," ಅಂದವಳೇ ಅಮೂಲ್ಯ ಜೆಟ್ಟಿಯಿಂದ ಬೋಟಿಗೆ ಒಂದೇ ನೆಗೆತ ನೆಗೆದಳು.

ನೆಗೆದದ್ದೇನೋ ಸರಿ... ಕಾಲು ಜಾರಿತು. ಕಣ್ಣು ಬಿಟ್ಟಾಗ ಅವಳ ಮುಂಗೈ ಅವನ ಹಿಡಿತದಲ್ಲಿತ್ತು. ಕೆಳಗೆ ಅಂಡಮಾನಿನ ಹಸಿರು ನೀರು, ಎದುರಿಗೆ ನಗು ತಡೆಯೋಕೆ ಒದ್ದಾಡುತ್ತಿದ್ದ ಮುಖ.

"ಶಿವಮೊಗ್ಗದವರು ಹಿಡಿದ್ರೆ ಬಿಡಲ್ಲ, ಹೆದರಬೇಡಿ. ನಾನು ಮಲ್ಲಿಕ್. ಈ ನಾಲ್ಕು ದಿನ ನಿಮ್ಮ ಟೂರ್ ಲೀಡರ್."

ಅವಳ ಎದೆ ಡವಡವ ಅಂತಿತ್ತು. ಜಾರಿದ್ದಕ್ಕೆ ಇರಬೇಕು ಅಂತ ತನಗೆ ತಾನೇ ಹೇಳಿಕೊಂಡಳು. ಸುಳ್ಳು ಹೇಳೋದರಲ್ಲಿ ನಮ್ಮ ಹುಡುಗಿ ಯಾವತ್ತೂ ಅಷ್ಟಕ್ಕಷ್ಟೇ.

ಶಿವಮೊಗ್ಗ, ಭದ್ರಾವತಿಯಿಂದ ಬಂದ ಹದಿನಾಲ್ಕು ಜನ. ಬೋಟಲ್ಲೇ ಊಟ, ಬೋಟಲ್ಲೇ ನಿದ್ದೆ, ದಿನಕ್ಕೊಂದು ದ್ವೀಪ. ಹಾಲಿನ ಡೈರಿಯ ಲ್ಯಾಬಲ್ಲಿ ಕೆಲಸ ಮಾಡುವ ಅಮೂಲ್ಯ ವರ್ಷವಿಡೀ ರಜೆ ಉಳಿಸಿಕೊಂಡು ಒಬ್ಬಳೇ ಬಂದಿದ್ದಳು. ನೀರು ಕಂಡರೆ ಆಗದ ಅಪ್ಪ ಭದ್ರಾವತಿ ನ್ಯೂ ಟೌನಿನ ಮನೆಯಲ್ಲೇ ಉಳಿದಿದ್ದರು.

ಅಪ್ಪ ಅಂದೆನಾ... ಅವಳು ಹಾಗೆ ಕರೆದದ್ದೇ ಇಲ್ಲ. ಮಾತು ಕಲಿಯುವಾಗ ಅಜ್ಜಿ ಮಗನನ್ನ "ಯೋಗರಾಜಾ" ಅಂತ ಕೂಗೋದನ್ನ ಕೇಳಿ ಇವಳೂ ಅದನ್ನೇ ಹಿಡಿದಳು. ಇಪ್ಪತ್ತೇಳು ತುಂಬಿದರೂ ಅಪ್ಪ ಅವಳಿಗೆ ಯೋಗರಾಜೇ. ತಿದ್ದೋಕೆ ಹೋದವರಿಗೆಲ್ಲ ಸುಸ್ತಾಯಿತು.

ಮೊದಲೆರಡು ದಿನ ಹೇಗೆ ಕಳೆದವೋ! ಹವಳದ ದ್ವೀಪದಲ್ಲಿ ಮಲ್ಲಿಕ್ ಅವಳಿಗೆ ಮುಖಕ್ಕೆ ಮಾಸ್ಕ್ ಕಟ್ಟಿ, ನೀರ ಮೇಲೆ ಬೋರಲು ತೇಲೋದನ್ನ ಕಲಿಸಿದ.

"ಬಾಯಲ್ಲಿ ಉಸಿರಾಡಿ. ನಾನಿದ್ದೀನಿ."

ಅವಳಿಗೆ ಮೀನು ಕಂಡವೋ ಇಲ್ಲವೋ, ಆ "ನಾನಿದ್ದೀನಿ" ಮಾತ್ರ ಚೆನ್ನಾಗಿ ಕೇಳಿಸಿತು.

"ನಮಗೆಲ್ಲ ಅವಲಕ್ಕಿ ಒಂದೇ ಸಲ, ನಿನಗೆ ಮಾತ್ರ ಕೇಳಿ ಕೇಳಿ ಬಡಿಸ್ತಾನಲ್ಲ ಮಾರಾಯ್ತಿ," ಅಂತ ಕ್ಯಾಬಿನಿನ ಜೊತೆಗಾತಿ ವೀರಮ್ಮ ಕೆಣಕಿದರೆ, ಅಮೂಲ್ಯಳ ಕಿವಿ ಕೆಂಪಾಗುತ್ತಿತ್ತು.

ಎರಡನೇ ದಿನದ ಸಂಜೆ ಒಂದು ಪುಟ್ಟ ದ್ವೀಪದಲ್ಲಿ ನೆಟ್‌ವರ್ಕ್ ಸಿಕ್ಕಿತು. ಅಮೂಲ್ಯ ಫೋನ್ ಹಿಡಿದು ಮರಳಲ್ಲಿ ಓಡಿದಳು.

"ಯೋಗರಾಜ್, ಊಟ ಆಯ್ತಾ? ನೀನಿಲ್ದೆ ಮಜಾನೇ ಇಲ್ಲ ಕಣೋ. ಮುಂದಿನ ಸಲ ಎತ್ಕೊಂಡಾದ್ರೂ ಕರ್ಕೊಂಡ್ ಬರ್ತೀನಿ."

ತಿರುಗಿದರೆ ಹಿಂದೆ ಮಲ್ಲಿಕ್, ಎರಡೂ ಕೈಯಲ್ಲಿ ಎಳನೀರು.

"ಯೋಗರಾಜ್ ಅವರು... ಯಾಕೆ ಬರಲಿಲ್ಲ?"

"ನೀರಂದ್ರೆ ಭಯ. ಆದ್ರೆ ನಾನಂದ್ರೆ ಪ್ರಾಣ," ಅಂತ ಅವಳು ನಕ್ಕಳು.

ದಿನಾ ಬೆಳಿಗ್ಗೆ ಲಿಸ್ಟ್ ಹಿಡಿದು "ಅಮೂಲ್ಯ ಯೋಗರಾಜ್" ಅಂತ ಹಾಜರಿ ಕರೆಯುತ್ತಿದ್ದವನು ಅವನೇ. ಎರಡೂ ಎಳನೀರು ಅವಳ ಕೈಗಿಟ್ಟು ಹೊರಟೇಹೋದ.

ಅಲ್ಲಿಂದ ಅವನು ಅವನಾಗಿ ಉಳಿಯಲಿಲ್ಲ. ಲೈಫ್ ಜಾಕೆಟನ್ನೂ ವೀರಮ್ಮನ ಕೈಲಿ ಕೊಟ್ಟು ಕಳಿಸಿದ. ಅವಳು ಡೆಕ್ಕಿಗೆ ಬಂದರೆ ಅವನು ಇಂಜಿನ್ ಕೋಣೆಗೆ ಹೋದ.

'ನಾನೇನು ತಪ್ಪು ಮಾಡಿದೆ?' ಎರಡು ದಿನ ಕೇಳಿಕೊಂಡರೂ ಉತ್ತರ ಸಿಗಲಿಲ್ಲ. ನಾಲ್ಕನೇ ದಿನ ಜೆಟ್ಟಿಯಲ್ಲಿ ನೇರ ಅವನ ಮುಂದೆ ನಿಂತಳು.

"ನನ್ನ ಹತ್ರ ಏನಾದ್ರೂ ಹೇಳೋದಿದ್ಯಾ?"

"ಲಗೇಜ್ ಜೋಪಾನ ಮೇಡಂ."

ವಿಮಾನದಲ್ಲಿ ಕಿಟಕಿ ಕಡೆ ಮುಖ ಮಾಡಿ ಅತ್ತಳು.

ಊರಿಗೆ ಬಂದ ಎಂಟನೇ ದಿನ ವೀರಮ್ಮ ಫೋನ್ ಮಾಡಿದರು. "ನಿನ್ನ ಟೂರ್ ಫೋಟೋ ಶಿವಮೊಗ್ಗದ ಅವರ ಆಫೀಸಲ್ಲೇ ಉಳಿದಿದ್ಯಂತೆ. ಹೋಗೋದಾದ್ರೆ ಇವತ್ತೇ ಹೋಗು. ಆ ಹುಡುಗ ಮಲ್ಲಿಕ್ ನಾಳೆ ಮತ್ತೆ ಅಂಡಮಾನಿಗೆ ಹೊರಟ, ಆರು ತಿಂಗಳು ಅಲ್ಲೇ ಅಂತೆ."

ಆರು ತಿಂಗಳು! ಕೇಳದೆ, ಮನಸ್ಸಿನ ಮಾತು ಹೇಳದೆ ಬಿಟ್ಟರೆ ಇನ್ನು ಯಾವತ್ತೂ ಆಗಲ್ಲ ಅನ್ನಿಸಿತು. ಅರ್ಧ ದಿನ ರಜೆ ಹಾಕಿ ಶಿವಮೊಗ್ಗದ ಬಸ್ಸು ಹತ್ತಿದಳು.

ಕೋಟೆ ರಸ್ತೆಯ ಆಫೀಸಲ್ಲಿ ಮಲ್ಲಿಕ್ ಒಬ್ಬನೇ ಇದ್ದ. ಅವಳನ್ನ ಕಂಡು ಎದ್ದು ನಿಂತ, ಫೋಟೋದ ಕವರ್ ಚಾಚಿದ. ಅದರ ಮೇಲೆ ದುಂಡಗಿನ ಅಕ್ಷರ: ಶ್ರೀಮತಿ ಅಮೂಲ್ಯ ಯೋಗರಾಜ್.

"ಯಾರ್ರೀ ಶ್ರೀಮತಿ?"

"ನೀವೇ ಅಲ್ವಾ... ಯೋಗರಾಜ್ ಅವರ..."

"ಮಗಳು!"

ಮಲ್ಲಿಕ್ ಕುರ್ಚಿಯಲ್ಲಿ ಕುಸಿದ. "ಅಪ್ಪನಿಗೆ ಯಾರಾದ್ರೂ 'ಕಣೋ' ಅಂತಾರೇನ್ರೀ?"

"ನಮ್ಮನೇಲಿ ಅಂತಾರೆ. ಯೋಗರಾಜ್ ಅಂದ್ರೆ ಯಾರು ಅಂತ ಒಂದು ಮಾತು ಕೇಳೋಕೆ ಏನಾಗಿತ್ತು ನಿಮಗೆ? ನನ್ನ ಎರಡು ದಿನ ನುಂಗಿ ಹಾಕಿದ್ರಿ. ಎಷ್ಟು ಅತ್ತಿದ್ದೀನಿ ಗೊತ್ತಾ?"

"ಇನ್ನೊಬ್ಬರ ಹೆಂಡತಿ ಮೇಲೆ ಮನಸ್ಸು ಹೋಯ್ತಲ್ಲ ಅಂತ ನನ್ನ ಮೇಲೆ ನನಗೇ ಅಸಹ್ಯ ಆಗಿತ್ತು," ಅಂದ ಅವನು ತಲೆ ತಗ್ಗಿಸಿ. "ಒಂದೇ ಊರಿನ ಆಸುಪಾಸಲ್ಲಿ ಇರೋದು ಬೇಡ ಅಂತಾನೇ ಸೀಸನ್ ಪೂರ್ತಿ ಅಲ್ಲಿರ್ತೀನಿ ಅಂತ ಒಪ್ಕೊಂಡೆ."

ಅಮೂಲ್ಯಳ ಸಿಟ್ಟು ಅರ್ಧ ಕರಗಿಹೋಯಿತು. ಆದರೂ ಬಿಟ್ಟುಕೊಡಲಿಲ್ಲ.

"ಮನಸ್ಸು ಹೋಯ್ತು ಅಂದ್ರೆ? ಬಿಡಿಸಿ ಹೇಳಿ."

"ನಿಮ್ಮನ್ನ ಪ್ರೀತಿಸ್ತೀನಿ, ಅಮೂಲ್ಯ."

"ನಾನೂ ಅಷ್ಟೇ," ಅಂದಳು ಅವಳು. "ಅದನ್ನ ಹೇಳೋಕೇ ಬಂದೆ."

"ಹೋಗಲ್ಲ ಅಂತ ಈಗಲೇ ಫೋನ್ ಮಾಡ್ತೀನಿ..."

"ಬೇಡ. ಒಪ್ಕೊಂಡ ಕೆಲಸ ಮುಗಿಸಿ ಬನ್ನಿ. ಎಂಟು ದಿನ ಉತ್ತರ ಸಿಗದೆ ಕಾದೆ, ಆರು ತಿಂಗಳು ಗೊತ್ತಿದ್ದು ಕಾಯೋದೇನು ಕಷ್ಟ? ಆದ್ರೆ ಹೊರಡೋ ಮುಂಚೆ ಮನೆಗೆ ಬಂದು ಯೋಗರಾಜ್ ಹತ್ರ ನನ್ನನ್ನ ಕೇಳಬೇಕು."

"ಯಾವತ್ತು?"

"ಈಗ. ಬೈಕ್ ತೆಗೀರಿ."

ಮಲ್ಲಿಕ್ ಶಟರ್ ಎಳೆದು ಬೀಗ ಹಾಕಿದ. ಕೀಲಿ ಎರಡು ಸಲ ಕೈತಪ್ಪಿ ಬಿತ್ತು.

"ಅವರೇನು ಕೇಳಬಹುದು?"

"ನಿಮ್ಮನ್ನೇನೂ ಕೇಳಲ್ಲ. 'ಇವನ ಜೊತೆ ಖುಷಿಯಾಗಿರ್ತೀಯಾ ಮಗಳೇ' ಅಂತ ನನ್ನನ್ನ ಕೇಳ್ತಾರೆ."

"ನೀವೇನಂತೀರಿ?"

ಅಮೂಲ್ಯ ಬೈಕ್ ಹತ್ತಿ ಅವನ ಭುಜದ ಮೇಲೆ ಕೈಯಿಟ್ಟಳು.

"ಆಗಲೇ ಇದ್ದೀನಿ ಅಂತೀನಿ."