ಸ್ವೆತ್ಲಿಗೆ ಹೋಗಿಬಂದ ಗಾಡಿ

2013ರ ಮಾರ್ಚ್ 16, ಶನಿವಾರ. ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ಕುವೈತಿನ ಖೈತಾನ್ ಪೊಲೀಸ್ ಠಾಣೆಯಲ್ಲಿ ದೂರು ದಾಖಲಾಯಿತು. ದೂರುದಾರ ತಲಾಲ್, ವಯಸ್ಸು ಮೂವತ್ತು, ಶರ್ಕ್ ಬಡಾವಣೆಯ ಒಂದು ಬ್ಯಾಂಕಿನಲ್ಲಿ ಅಧಿಕಾರಿ. ಹಿಂದಿನ ವರ್ಷ ತೀರಿಕೊಂಡ ಅವನ ತಂದೆ ಯಾಕೂಬ್ ಅವರ ಬಿಳಿ ಲ್ಯಾಂಡ್ ಕ್ರೂಸರ್, 1996ರ ಮಾದರಿ, ಖೈತಾನಿನ ಶೆಡ್ಡಿನಿಂದ ಕಾಣೆಯಾಗಿತ್ತು. ಗುಜರಿಗೆ ಒಯ್ಯಲು ಅಂದು ಬೆಳಿಗ್ಗೆ ಲಾರಿ ಬಂದಾಗಲೇ ವಿಷಯ ಗೊತ್ತಾದದ್ದು.

"ಗುಜರಿಗೆ ಹೋಗುವ ಗಾಡಿಗೆ ದೂರು ಯಾಕೆ?" ಕ್ಯಾಪ್ಟನ್ ಬದರ್ ಕೇಳಿದ.

"ಅದು ಪುಡಿಯಾಗುವುದನ್ನು ನಾನು ಕಣ್ಣಾರೆ ನೋಡಬೇಕಿತ್ತು," ಎಂದ ತಲಾಲ್.

ಬದರ್ ಅದನ್ನು ಬರೆದುಕೊಳ್ಳಲಿಲ್ಲ. ಪೇದೆ ಹಮದ್‌ನನ್ನೂ ಠಾಣೆಯ ದುಭಾಷಿ ಮೊಯ್ದೀನ್ ಕುಂಞಿಯನ್ನೂ ಕರೆದುಕೊಂಡು ಹೊರಟ. ಮೊಯ್ದೀನ್ ಕುಂಞಿ ಬಂಟ್ವಾಳದ ಕಡೆಯವನು. ಖೈತಾನಿನ ಅರ್ಧಕ್ಕರ್ಧ ಜನ ಹೊರದೇಶದವರಾದ್ದರಿಂದ ಅವನಿಲ್ಲದೆ ಅಲ್ಲಿ ಯಾವ ತನಿಖೆಯೂ ಮುಂದೆ ಹೋಗುತ್ತಿರಲಿಲ್ಲ.

ಒಂಬತ್ತೂವರೆಗೆ ಮಹಜರು ಶುರುವಾಯಿತು. ಶೆಡ್ಡಿನ ಬೀಗ ಒಡೆದಿರಲಿಲ್ಲ. ಗಾಡಿಗೆ ಹೊದಿಸಿದ್ದ ಟಾರ್ಪಾಲನ್ನು ಅಚ್ಚುಕಟ್ಟಾಗಿ ಮಡಚಿ, ಗಾಳಿಗೆ ಹಾರದಂತೆ ಮೇಲೆ ಕಲ್ಲು ಇಡಲಾಗಿತ್ತು. ಪಕ್ಕದಲ್ಲಿ ಕಳಚಿದ ಹಳೆಯ ಬ್ಯಾಟರಿ, ಹೊಸ ಬ್ಯಾಟರಿಯ ಖಾಲಿ ಪೆಟ್ಟಿಗೆ, ಎಣ್ಣೆ ಒರೆಸಿದ ಬಟ್ಟೆ. ನೆಲದ ಮೇಲೆ ಒಂದು ತೊಟ್ಟು ಎಣ್ಣೆಯೂ ಚೆಲ್ಲಿರಲಿಲ್ಲ.

"ಕಳ್ಳರು ಟಾರ್ಪಾಲು ಮಡಚುವುದಿಲ್ಲ," ಎಂದ ಬದರ್. "ಬುಧವಾರ ಗುಜರಿಯವರು ಬಂದು ನೋಡಿದ್ದರಂತಲ್ಲ, ಆಗ ಸ್ಟಾರ್ಟ್ ಆಗಿತ್ತೇ?"

"ಇಲ್ಲ. ಬೇರೆ ಬ್ಯಾಟರಿ ಹಾಕಿಯೂ ನೋಡಿದರು. ಪೆಟ್ರೋಲು ಎಂಜಿನ್ನಿಗೆ ಬರುತ್ತಿಲ್ಲ ಅಂದರು. ಅಪ್ಪ ಎಲ್ಲೋ ಒಂದು ಗುಪ್ತ ಸ್ವಿಚ್ಚು ಹಾಕಿಸಿದ್ದರು. ಎಲ್ಲಿ ಅಂತ ನನಗೂ ಗೊತ್ತಿಲ್ಲ."

ಎದುರಿನ ದಿನಸಿ ಅಂಗಡಿಯ ಕ್ಯಾಮೆರಾದಲ್ಲಿ ಬಿಳಿ ಗಾಡಿ ಶುಕ್ರವಾರ ಮಧ್ಯಾಹ್ನ 12.05ಕ್ಕೆ ಹೊರಟದ್ದು ಕಾಣಿಸಿತು. ಜುಮಾ ನಮಾಝಿನ ಹೊತ್ತು, ಬೀದಿ ಖಾಲಿ. ಚಾಲಕನ ಮುಖ ಸ್ಪಷ್ಟವಿರಲಿಲ್ಲ. ತಿರುವಿನಲ್ಲಿ ಒಮ್ಮೆ ನಿಲ್ಲಿಸಿ, ಬಾನೆಟ್ಟಿಗೆ ಕಿವಿಗೊಟ್ಟು, ಮತ್ತೆ ಹತ್ತಿ ಹೋಗಿದ್ದ.

ಬ್ಯಾಟರಿ ಪೆಟ್ಟಿಗೆಯ ಮೇಲೆ ಅಂಗಡಿಯ ಚೀಟಿ ಇತ್ತು. ಹನ್ನೊಂದು ಗಂಟೆಗೆ ಮೂವರೂ ಆ ಅಂಗಡಿಗೆ ಹೋದರು. ಮಾಲೀಕ ರಾಝಿಕ್ ಪುತ್ತೂರಿನವನು. ಪೊಲೀಸರನ್ನು ಕಂಡು ಎದ್ದು ನಿಂತ.

"ಗುರುವಾರ ಈ ಬ್ಯಾಟರಿ ಯಾರು ತಗೊಂಡದ್ದು?" ಮೊಯ್ದೀನ್ ಕುಂಞಿ ಕೇಳಿದ.

"ಡೋಲ್ಫಿ ಭಾಯಿ. ಎಂತ ಆಯ್ತು ಮಾರಾಯ್ರೆ?"

"ಯಾವ ಡೋಲ್ಫಿ?"

"ನಮ್ಮ ಹಳೇ ಮೆಕ್ಯಾನಿಕ್ಕು. ಎಡಗೈಯ ಎರಡು ಬೆರಳಿನ ತುದಿ ಇಲ್ಲ ಅಲ್ವಾ, ಅವರೇ. ಮಂಗಳವಾರ ಇಲ್ಲಿನದ್ದೆಲ್ಲ ಖಲಾಸ್ ಮಾಡಿ ಊರಿಗೆ ಹೋಗ್ತಾರೆ. ಊರಿಗೆ ಹೋಗುವವರಿಗೆ ಬ್ಯಾಟರಿ ಎಂತಕ್ಕೆ ಅಂತ ಕೇಳಿದೆ. ಒಂದು ಗಾಡಿ ಮಲಗಿದೆ, ಏಳಿಸ್ಲಿಕ್ಕುಂಟು ಅಂದ್ರು."

ಠಾಣೆಗೆ ಮರಳಿ ಹೆಸರು ಹೇಳಿದಾಗ ತಲಾಲ್ ತನ್ನ ಫೋನು ತೆಗೆದ. ಅದರಲ್ಲಿದ್ದ ಒಂದು ಹಳೆಯ ಫೋಟೋ ತೋರಿಸಿದ. ಹಿಮದ ನಡುವೆ ಅದೇ ಗಾಡಿ; ಅದರ ಮುಂದೆ ಇಬ್ಬರು. ಹುಬ್ಬು, ಮೀಸೆಗಳ ಮೇಲೆಲ್ಲ ಹಿಮ ಕಟ್ಟಿ ಯಾರು ಯಾರೆಂದೇ ತಿಳಿಯುತ್ತಿರಲಿಲ್ಲ.

"ಒಬ್ಬರು ಅಪ್ಪ. ಇನ್ನೊಬ್ಬ ಡ್ರೈವರ್ ಡೋಲ್ಫಿ. 2002ರಲ್ಲಿ ಸೈಬೀರಿಯಾಕ್ಕೆ ಹೋಗಿದ್ದರು. ನನ್ನ ತಾಯಿ ತೀರಿಹೋದಾಗ ಅಪ್ಪ ಅಲ್ಲಿದ್ದರು. ಮಣ್ಣು ಮಾಡಿ ಒಂಬತ್ತು ದಿನದ ಮೇಲೆ ಅವರ ಫೋನ್ ಬಂತು."

"ಈ ಡೋಲ್ಫಿ ನಿನ್ನನ್ನು ಮೊನ್ನೆ ಕಂಡಿದ್ದನೇ?"

"ಬುಧವಾರ ಬ್ಯಾಂಕಿಗೆ ಬಂದಿದ್ದ. ಗಾಡಿಯನ್ನು ಒಡೆಯಬೇಡಿ ಅಂದನಂತೆ. ನಾನು ಕೆಳಗೆ ಇಳಿಯಲಿಲ್ಲ. ಮಾರಿ ಆಗಿದೆ, ಹೋಗು ಅಂತ ಹೇಳಿಸಿದೆ."

ಮಧ್ಯಾಹ್ನ 1.15. ಡೋಲ್ಫಿಯ ಫ್ಲ್ಯಾಟಿನಲ್ಲಿ ಎರಡು ದೊಡ್ಡ ಪೆಟ್ಟಿಗೆಗಳಿಗೆ ಹಗ್ಗ ಬಿಗಿದಾಗಿತ್ತು. ಮೂರನೆಯದರ ಪಕ್ಕ ಅವನ ಹೆಂಡತಿ ಮರ್ಸಿ ಕುಳಿತಿದ್ದಳು. ಇಪ್ಪತ್ತಾರು ವರ್ಷ ನರ್ಸ್ ಆಗಿದ್ದವಳು. ಹೆದರಿಕೆಗಿಂತ ಸಿಟ್ಟೇ ಅವಳ ಮುಖದಲ್ಲಿ ಹೆಚ್ಚಿತ್ತು.

"ನಿಮ್ಮ ಯಜಮಾನರು ಎಲ್ಲಿ?" ಮೊಯ್ದೀನ್ ಕುಂಞಿ ಕೇಳಿದ.

"ನಿನ್ನೆ ಚರ್ಚಿಗೆ ಮಾಸಿಗೂ ಬರ್ಲಿಲ್ಲ. ಫೋನ್ ಮಾಡಿ, ಹುಡುಕಬೇಡ, ಹುಷಾರಾಗಿದ್ದೇನೆ ಅಂದ್ರು. ಹಿಂದೆ ಎಂಜಿನ್ ಸದ್ದು ಕೇಳ್ತಿತ್ತು. ಆ ಸದ್ದು ನನಗೆ ಗೊತ್ತುಂಟು."

"ಎಲ್ಲಿಗೆ ಹೋಗಿರಬಹುದು?"

ಮರ್ಸಿ ಪೆಟ್ಟಿಗೆಯ ಹಗ್ಗ ಬಿಗಿದಳು. "ಹೇಳಿದ್ರೆ ಜೈಲಾ?"

"ಹೇಳದಿದ್ರೂ ಜೈಲೇ ಅಕ್ಕಾ. ಬಾರ್ಡರಿನ ಹತ್ತಿರ ಬೇರೆ ಯಾರಾದ್ರೂ ಹಿಡಿದ್ರೆ ಕೇಸು ದೊಡ್ಡದಾಗ್ತದೆ. ಮಂಗಳವಾರದ ವಿಮಾನ ಅಲ್ವಾ ನಿಮ್ಮದು?"

"ಮುತ್ಲಾ," ಎಂದಳು ಅವಳು. "ಯಾಕೂಬ್ ಸಾಹೇಬ್ರು ಪ್ರತಿ ಮಾರ್ಚಲ್ಲಿ ಅಲ್ಲಿ ಟೆಂಟ್ ಹಾಕ್ತಿದ್ರು. ಮತ್ತೆಲ್ಲಿಗೂ ಹೋಗುವ ಮನುಷ್ಯ ಅಲ್ಲ ಅವರು."

ಮುತ್ಲಾ ಕುವೈತ್ ಸಿಟಿಯ ಉತ್ತರಕ್ಕಿರುವ ಮರಳುದಿಬ್ಬ. ಚಳಿಗಾಲದ ಟೆಂಟುಗಳನ್ನು ಜನ ಕೀಳುತ್ತಿದ್ದ ದಿನಗಳು. ಮೂರೂವರೆಗೆ ಹಮದ್ ಮೊದಲು ಗಾಡಿಯನ್ನು ಕಂಡ. ಅದರ ನೆರಳಿನಲ್ಲಿ ಅರವತ್ತರ ಆಸುಪಾಸಿನ ಒಬ್ಬ ಕುಳಿತಿದ್ದ. ಎಂಜಿನ್ ಓಡುತ್ತಿತ್ತು. ಪಕ್ಕದಲ್ಲಿ ಪೆಟ್ರೋಲಿನ ಎರಡು ಕ್ಯಾನು, ಒಂದು ಆಗಲೇ ಖಾಲಿ.

"ಡೋಲ್ಫಿ ನೀವೇನಾ?" ಮೊಯ್ದೀನ್ ಕುಂಞಿ ಕೇಳಿದ.

"ಹೌದು."

"ಗಾಡಿ ನೀವು ತಂದದ್ದಾ?"

"ಹೌದು. ಕೀ ನನ್ನ ಹತ್ರವೇ ಉಂಟು. ಎರಡನೇ ಕೀ. ಸೈಬೀರಿಯಾಕ್ಕೆ ಹೋಗುವಾಗ ಕೊಟ್ಟದ್ದನ್ನು ಸಾಹೇಬ್ರು ವಾಪಸ್ ತಗೊಳ್ಳಲೇ ಇಲ್ಲ. ಶೆಡ್ಡಿನದ್ದೂ ಅದರಲ್ಲೇ ಉಂಟು. ಗುಪ್ತ ಸ್ವಿಚ್ಚು ಹಾಕಿದ್ದೂ ನಾನೇ."

"ಎಂಜಿನ್ ಯಾಕೆ ಓಡ್ತಾ ಉಂಟು?"

"ನಿನ್ನೆಯಿಂದ ಆಫ್ ಮಾಡ್ಲಿಲ್ಲ."

ಮೊಯ್ದೀನ್ ಕುಂಞಿ ಇದನ್ನು ಅರಬ್ಬಿಗೆ ತಿರುಗಿಸಿದಾಗ ಬದರ್ ಗಡಿಯಾರ ನೋಡಿದ. ಇಪ್ಪತ್ತೇಳು ಗಂಟೆ ದಾಟಿತ್ತು. "ಆಫ್ ಮಾಡಲು ಹೇಳು," ಎಂದ. ಡೋಲ್ಫಿ ಎದ್ದು, ಒಳಗೆ ಕೈಹಾಕಿ ಕೀ ತಿರುಗಿಸಿದ. ಸದ್ದು ನಿಂತಿತು. ಅವನು ಬಾಗಿಲು ಹಿಡಿದುಕೊಂಡು ಸ್ವಲ್ಪ ಹೊತ್ತು ಹಾಗೆಯೇ ನಿಂತ. ಹಮದ್ ಬೇಡಿ ತೆಗೆದಾಗ ಬದರ್ ತಲೆಯಾಡಿಸಿ ಬೇಡವೆಂದ. ಬಂಧನದ ವೇಳೆ: 3.50.

ಹೇಳಿಕೆ ಠಾಣೆಯಲ್ಲಿ ಐದು ಗಂಟೆಗೆ ಆರಂಭವಾಯಿತು. ಆರೋಪಿ ತನ್ನ ಭಾಷೆಯಲ್ಲಿ ಹೇಳಬಹುದೆಂದು ಬದರ್ ತಿಳಿಸಿದ. ಡೋಲ್ಫಿ ಕನ್ನಡದಲ್ಲಿ ಹೇಳಿದ. ಮೊಯ್ದೀನ್ ಕುಂಞಿ ಅರಬ್ಬಿಯಲ್ಲಿ ಬರೆಸಿದ. ಬೆಂಚಿನ ಮೇಲೆ ತಲಾಲ್ ಇದ್ದ.

ಯಾಕೂಬ್ ಎಪ್ಪತ್ತರ ದಶಕದಲ್ಲಿ ಮಾಸ್ಕೋದಲ್ಲಿ ಭೂಗರ್ಭಶಾಸ್ತ್ರ ಓದಿದವರು. ಅವರ ಸಹಪಾಠಿ ಗೆನ್ನಾದಿ ಎಂಬಾತನಿಗೆ ಸೈಬೀರಿಯಾದ ಕೊಲಿಮಾ ರಸ್ತೆಯ ಬದಿಯ ಸ್ವೆತ್ಲಿ ಎಂಬ ಗಣಿ ಊರಿನಲ್ಲಿ ಕೆಲಸವಾಗಿತ್ತು. ಕಾಗದಗಳು ಬರುತ್ತಿದ್ದವು, ಸೋವಿಯತ್ ಒಕ್ಕೂಟ ಒಡೆದ ಕೆಲವು ವರ್ಷಗಳ ಮೇಲೆ ನಿಂತುಹೋದವು. ಗೆಳೆಯನನ್ನು ಹುಡುಕಲೆಂದೇ 2002ರ ಜನವರಿ 4ರಂದು ಗಾಡಿಯನ್ನು ಹಡಗಿಗೆ ಹತ್ತಿಸಿ ಇರಾನಿಗೆ ದಾಟಿದರು. ಅಲ್ಲಿಂದ ಮುಂದೆಲ್ಲ ರಸ್ತೆ.

"ಯಾಕುಟ್ಸ್ಕ್‌ನಲ್ಲಿ ಹೊಳೆಯ ಮೇಲೆಯೇ ಗಾಡಿ ಓಡಿಸಿದೆ ಸರ್. ಹೊಳೆ ಕಲ್ಲಿನ ಹಾಗೆ ಗಟ್ಟಿ. ಮೈನಸ್ ಐವತ್ತು. ಅಲ್ಲಿ ಎಂಜಿನ್ ನಿಲ್ಲಿಸ್ಲಿಕ್ಕಿಲ್ಲ. ನಿಲ್ಲಿಸಿದ್ರೆ ಮತ್ತೆ ಏಳುವುದಿಲ್ಲ, ನಾವೂ ಏಳುವುದಿಲ್ಲ. ಅವರು ಮಲಗಿದಾಗ ನಾನು ಎದ್ದಿರುವುದು, ನಾನು ಮಲಗಿದಾಗ ಅವರು. ದಿನಕ್ಕೊಮ್ಮೆ ಒಂದು ಲಾರಿ ಕಂಡರೆ ಇಬ್ಬರೂ ಕೈ ಬೀಸ್ತಿದ್ದೆವು, ಮಕ್ಕಳ ಹಾಗೆ."

"ಸ್ವೆತ್ಲಿ ಸಿಕ್ಕಿತೇ?"

"ಸಿಕ್ಕಿತು. ಜನ ಇರಲಿಲ್ಲ. ಐದೈದು ಮಹಡಿಯ ಬಿಲ್ಡಿಂಗ್ ಸಾಲು ಸಾಲಾಗಿ ಉಂಟು, ಒಂದು ಕಿಟಕಿಯಲ್ಲೂ ಬೆಳಕಿಲ್ಲ. ಥಿಯೇಟರಿನ ಕುರ್ಚಿಗಳ ಮೇಲೆಲ್ಲ ಹಿಮ ಕೂತಿದೆ. ಶಾಲೆಯಲ್ಲಿ ಮಕ್ಕಳ ಪುಸ್ತಕ ಬೆಂಚಿನ ಮೇಲೆ ತೆರೆದೇ ಬಿದ್ದಿತ್ತು. ಹೊರಗಿನ ಗೋಡೆಯಲ್ಲಿ ಸುತ್ತಿಗೆ-ಕುಡುಗೋಲು, ಅರ್ಧ ಬಣ್ಣ ಹೋದದ್ದು. ಬಿಸಿನೀರಿನ ಪೈಪು ಒಡೆದ ಮೇಲೆ ಒಂದೇ ವಾರದಲ್ಲಿ ಊರು ಖಾಲಿ ಮಾಡಿದ್ರಂತೆ, ಆಮೇಲೆ ಯಾರೋ ಹೇಳಿದ್ರು. ಸಾಹೇಬ್ರು ವಿಳಾಸ ಹುಡುಕಿ ಮೂರನೇ ಮಹಡಿ ಹತ್ತಿದ್ರು. ಅಡುಗೆಮನೆ ಗೋಡೆಯಲ್ಲಿ ಮಕ್ಕಳ ಎತ್ತರ ಪೆನ್ಸಿಲಲ್ಲಿ ಗುರುತು ಮಾಡಿದ್ದಿತ್ತು. 1995ರವರೆಗೆ. ಆಮೇಲೆ ಇಲ್ಲ. ಅದರ ಕೆಳಗೆ ಕೂತು ಅವರೇ ಸ್ಟೌ ಹೊತ್ತಿಸಿ ಚಾ ಮಾಡಿದ್ರು. ಮೂರು ಗ್ಲಾಸು ಹಾಕಿದ್ರು."

ಆ ಸಂಜೆಯೇ ಹಿಮಗಾಳಿ ಶುರುವಾಗಿತ್ತು. ನಾಲ್ಕು ದಿನ ಇಬ್ಬರೂ ಅಲ್ಲಿ ಸಿಕ್ಕಿಬಿದ್ದರು. ಫೋನು ಚಳಿಗೆ ಸತ್ತಿತ್ತು. ಗಾಡಿಯ ಹೆಪ್ಪುಗಟ್ಟಿದ ಪೈಪನ್ನು ಬರಿಗೈಯಲ್ಲಿ ಬಿಚ್ಚಲು ಹೋಗಿ ಡೋಲ್ಫಿಯ ಬೆರಳುಗಳು ಕಪ್ಪಾದವು.

"ಅವರು ನನ್ನ ಕೈಯನ್ನು ಅವರ ಕೋಟಿನೊಳಗೆ, ಕಂಕುಳಲ್ಲಿ ಇಟ್ಟುಕೊಂಡು ಕೂತಿದ್ರು. ಊಟ ಬಾಯಿಗೆ ಕೊಟ್ರು. ನನ್ನ ಸಾಕ್ಸ್ ಒಣಗಿಸಿದ್ರು. ಯಾ ಅಖೂಯಿ ಅಂತಿದ್ರು. ನನ್ನ ತಮ್ಮ ಅಂತ."

ತಲಾಲ್ ಆಗ ಮೊದಲ ಬಾರಿ ಮಾತಾಡಿದ. "ತಾಯಿಯ ಸುದ್ದಿ ಬಂದಾಗ ಎಲ್ಲಿದ್ದರು? ಏನು ಮಾಡಿದರು?"

ಡೋಲ್ಫಿ ಅವನತ್ತ ತಿರುಗಿದ. "ಸುಸುಮಾನ್ ಅಂತ ಊರು. ಅಂಚೆ ಕಚೇರಿಯಿಂದ ಮನೆಗೆ ಫೋನ್ ಮಾಡಿದ್ರು. ಹೊರಗೆ ಬಂದು, ಯಲ್ಲಾ, ಹೋಗುವ ಅಂದ್ರು, ಅಷ್ಟೇ. ಅಳಲಿಲ್ಲ. ಮಗದಾನ್‌ಗೆ ಎರಡು ದಿನದ ದಾರಿ. ಎರಡು ದಿನ ಒಂದು ಮಾತು ಆಡಲಿಲ್ಲ. ಅಲ್ಲಿನ ಏರ್‌ಪೋರ್ಟಲ್ಲಿ ಗಾಡಿಯಿಂದ ಇಳಿಯುವಾಗ ನನ್ನನ್ನು ಕೇಳಿದ್ರು, ತಲಾಲಿಗೆ ಏನು ಹೇಳಲಿ ಅಂತ. ನಡೆದದ್ದು ಹೇಳಿ ಅಂದೆ. ಆಯ್ತು ಅಂದ್ರು. ಹೇಳಿದ್ರಾ ಇಲ್ವಾ ನನಗೆ ಗೊತ್ತಿಲ್ಲ."

"ಹೇಳಲಿಲ್ಲ," ಎಂದ ತಲಾಲ್.

 ಬದರ್ ಹೇಳಿಕೆಯ ನಮೂನೆಯ ಕೊನೆಯ ಅಂಕಣಕ್ಕೆ ಬಂದ. "ಕೃತ್ಯಕ್ಕೆ ಕಾರಣ. ಕೇಳು."

ಡೋಲ್ಫಿ ಬದರ್‌ನತ್ತ ತಿರುಗಿದ. "ಅರವತ್ತೊಂದು ದಿನ ನಾವು ಇಬ್ಬರು ಮನುಷ್ಯರು ಇದ್ದೆವು. ಗಾಡಿ ಕುವೈತಿಗೆ ಬಂದ ಮರುದಿನ ಅವರು ಹಿಂದಿನ ಸೀಟಲ್ಲಿ ಕೂತ್ರು. ತಪ್ಪು ಅಂತ ಅಲ್ಲ ಸರ್. ಇಲ್ಲಿ ಹಾಗೆಯೇ ಅಲ್ವಾ. ನಾನೂ ಸಲಾಂ ಹೊಡೆದೆ. ಆರು ವರ್ಷ ಹಾಗೇ ಓಡಿಸಿದೆ, ಮತ್ತೆ ಬಿಟ್ಟು ಗ್ಯಾರೇಜಿಗೆ ಸೇರಿದೆ. ಮಂಗಳವಾರ ಹೋದ ಮೇಲೆ ಆ ಅರವತ್ತೊಂದು ದಿನಕ್ಕೆ ಸಾಕ್ಷಿ ಅಂತ ಇದೊಂದೇ ಉಳಿಯುವುದು. ಪುಡಿ ಆಗುವ ಮುಂಚೆ ಒಮ್ಮೆ ಓಡಿಸುವ ಅಂತ ಹೋದೆ. ಸ್ಟಾರ್ಟ್ ಆಯ್ತು. ಆಮೇಲೆ ನಿಲ್ಲಿಸ್ಲಿಕ್ಕೆ ಮನಸ್ಸು ಬರಲಿಲ್ಲ."

ಮೊಯ್ದೀನ್ ಕುಂಞಿ ಅದನ್ನು ಮೂರು ಸಲ ಬರೆಸಿ ಮೂರು ಸಲ ಹೊಡೆದುಹಾಕಿಸಿದ. ಕೊನೆಗೆ "ಹಳೆಯ ಸ್ನೇಹ" ಎಂದು ಬರೆಸಿದ. ಬದರ್ ಸಹಿ ಹಾಕಿದ.

ಭಾನುವಾರ ಬೆಳಿಗ್ಗೆ ತಲಾಲ್ ದೂರು ಹಿಂತೆಗೆದುಕೊಂಡ. ನೋಂದಣಿಯ ಅವಧಿ ಮುಗಿದ ವಾಹನ ಓಡಿಸಿದ್ದಕ್ಕೆ ಬೇರೆ ಕಾಗದಪತ್ರ ಆಗಬೇಕಿತ್ತು. ಬಿಡುಗಡೆಯ ಆದೇಶ ಸಂಜೆಯವರೆಗೆ ಬರುವಂತಿರಲಿಲ್ಲ. ತಲಾಲ್ ಮನೆಗೆ ಹೋಗಲಿಲ್ಲ. ಲಾಕಪ್ಪಿನ ಎದುರು ಒಂದು ಕುರ್ಚಿ ಎಳೆದು ಕುಳಿತು, ಶುರುವಿನಿಂದ ಹೇಳು ಎಂದ.

ಮೊಯ್ದೀನ್ ಕುಂಞಿ ಪಕ್ಕದಲ್ಲಿ ಬಂದು ನಿಂತ. ಅಲ್ಲಿ ಅವನಿಗೆ ಕೆಲಸವಿರಲಿಲ್ಲ. ಡೋಲ್ಫಿ ಅರಬ್ಬಿಯಲ್ಲೇ ಹೇಳತೊಡಗಿದ್ದ. ಆ ಅರಬ್ಬಿಯನ್ನು ಅವನು ಯಾವ ಅಂಗಡಿಯಲ್ಲೂ ಕಲಿತಿರಲಿಲ್ಲ. ಅರವತ್ತೊಂದು ದಿನ ಯಾಕೂಬ್ ಎಂಬ ಒಬ್ಬನೇ ಒಬ್ಬ ಮನುಷ್ಯನ ಬಾಯಿಂದ ಕೇಳಿ ಕಲಿತಿದ್ದ. ಅದೇ ಎಳೆತ, ಮಾತಿನ ನಡುವೆ ಅದೇ ಸಣ್ಣ ಕೆಮ್ಮು, "ನೋಡಪ್ಪಾ" ಎಂದು ತೊಡಗುವ ಅದೇ ರೀತಿ. ತಲಾಲ್ ತಲೆ ತಗ್ಗಿಸಿ, ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದ.