ಎರಡು ಸಲ ಬಿದ್ದ ಎಣ್ಣೆ

"ಮೂಸಿ ನೋಡಿ," ಎಂದು ಅವನು ಸೀಸೆಯನ್ನು ಅವಳ ಮುಖದ ಹತ್ತಿರ ಹಿಡಿದ.

ಅವನು ಅವಳ ಕೋಳಿ ಶೆಡ್ಡಿಗೆ ಹೊಸದಾಗಿ ಬಂದ ಪಶುವೈದ್ಯ. ಆಂಟಿಬಯಾಟಿಕ್ ಬದಲು ಲವಂಗ, ಓಮದಿಂದ ತೆಗೆದ ಎಣ್ಣೆಯನ್ನು ಬ್ರಾಯ್ಲರ್ ಮರಿಗಳ ಕುಡಿಯುವ ನೀರಿಗೆ ಬೆರೆಸಿ ನೋಡೋಣ ಎಂದಿದ್ದ.

ಅವಳು ಉಸಿರೆಳೆದಳು. ಏನೂ ಇಲ್ಲ... ಹೋದ ವರ್ಷ ಬಂದಿದ್ದ ಜ್ವರ ಹೋಗುವಾಗ ವಾಸನೆಯನ್ನೂ ಕಟ್ಟಿಕೊಂಡು ಹೋಗಿತ್ತು.

"ತುಂಬಾ ಚೆನ್ನಾಗಿದೆ," ಎಂದಳು.

"ಘಾಟು ಅನ್ನಿಸ್ಲಿಲ್ವಾ?"

"ಘಾಟೇ... ಆದ್ರೂ ಚೆನ್ನಾಗಿದೆ."

ಅವನು ನಕ್ಕ. ಆ ನಗು ಅವಳ ಎದೆಯಲ್ಲಿ ಎಲ್ಲೋ ಹೋಗಿ ಕೂತುಬಿಟ್ಟಿತು.

ನಿಜ ಹೇಳುವಂತಿರಲಿಲ್ಲ. ನೆಲದ ಹೊಟ್ಟು ಒದ್ದೆಯಾಗಿ ಅಮೋನಿಯಾ ಏಳುವುದನ್ನು ಕೋಳಿ ಸಾಕುವವರಿಗೆ ಮೂಗೇ ಮೊದಲು ಹೇಳಬೇಕು. ಅವಳು ಕಣ್ಣುರಿಯ ಮೇಲೆ ಅಂದಾಜು ಮಾಡುತ್ತಿದ್ದಳು. ಅಣ್ಣನಿಗೆ ತಿಳಿದರೆ ಶೆಡ್ಡಿಗೆ ಕಾಲಿಡಲು ಬಿಡುತ್ತಿರಲಿಲ್ಲ. ಅಪ್ಪ ಹೋದ ಮೇಲೆ ತನ್ನದು ಅಂತ ಅವಳಿಗಿದ್ದದ್ದು ಅದೊಂದೇ.

ವೈದ್ಯ ಮತ್ತೆ ಮತ್ತೆ ಬಂದ. ಮರಿಗಳ ತೂಕ ನೋಡುವ ನೆಪ. ತೂಕ ನೋಡಿದ ಮೇಲೂ ಹೊರಡುತ್ತಿರಲಿಲ್ಲ.

"ಸೆಂಟು ಡಾಕ್ಟ್ರು ಬಂದ್ರೆ ನಮ್ಮವಳ ಮುಖ ಅರಳತ್ತಪ್ಪ," ಅಂತ ಅಣ್ಣ ಛೇಡಿಸುತ್ತಿದ್ದ.

ಆಮೇಲೆ ಆ ಉರಿಬಿಸಿಲಿನ ದಿನ ಬಂತು.

ಬೆಳಿಗ್ಗೆ ಬೇಗ ಎದ್ದಿದ್ದ ಅಣ್ಣ ಟ್ಯಾಂಕಿಗೆ ಎಣ್ಣೆ ಹಾಕಿದ್ದ. ಹೇಳಲು ಮರೆತಿದ್ದ. ಎಂದಿನಂತೆ ಅವಳೂ ಹಾಕಿದಳು. ಮೂಗಿದ್ದ ಯಾರೇ ಆದರೂ ಟ್ಯಾಂಕಿನ ಮುಚ್ಚಳ ತೆಗೆದೊಡನೆ ಕೈ ತಡೆಯುತ್ತಿದ್ದರು.

ಆ ಘಾಟಿನ ನೀರನ್ನು ಕೋಳಿಗಳು ಮುಟ್ಟಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬಾಯಾರಿ, ಕೊಕ್ಕು ತೆರೆದುಕೊಂಡು, ಸಾಲುಸಾಲಾಗಿ ಸತ್ತುಬಿದ್ದಿದ್ದವು.

"ಬೆಳಿಗ್ಗೆ ನಾನು ಹಾಕಿದ್ದೆ. ಮತ್ತೆ ನೀನು ಹಾಕಿಲ್ಲ ತಾನೇ?" ಅಣ್ಣ ಕೇಳಿದ.

ಹೇಳಿಬಿಡು... ಈಗಲೇ ಹೇಳಿಬಿಡು.

"ಇಲ್ಲ," ಎಂದಳು.

ಸುದ್ದಿ ತಿಳಿದು ಓಡಿಬಂದಿದ್ದ ವೈದ್ಯನ ಕಡೆ ಅಣ್ಣ ತಿರುಗಿದ. "ಹಾಗಾದ್ರೆ ಈ ಬಿಸಿಲಿಗೆ ನೀವು ಹೇಳಿದ ಅಳತೆಯೇ ತಪ್ಪು ಸ್ವಾಮಿ. ಇನ್ನು ಈ ಕಡೆ ತಲೆ ಹಾಕ್ಬೇಡಿ."

ವೈದ್ಯ ಸೀಸೆ ಎತ್ತಿ ನೋಡಿದ. ಆಮೇಲೆ ಅವಳನ್ನು ನೋಡಿದ. ಬಹಳ ಹೊತ್ತು ನೋಡಿದ.

"ತಪ್ಪು ನಂದೇ ಇರ್ಬೇಕು," ಎಂದು ಹೊರಟುಹೋದ.

ಸತ್ತ ಕೋಳಿಗಳನ್ನು ಹೂಳಿದ್ದಾಯಿತು. ಹೊಸ ಮರಿಗಳು ಬಂದವು. ಟ್ಯಾಂಕಿನ ಮುಚ್ಚಳ ತೆಗೆಯುವಾಗಲೆಲ್ಲ ಅವಳಿಗೆ ತಾನು ಹೇಳಿದ ಆ 'ಇಲ್ಲ' ನೆನಪಾಗುತ್ತಿತ್ತು. ವೈದ್ಯನ ಮಾತು ನಂಬಿ ಈಗ ಯಾರೂ ಎಣ್ಣೆ ಹಾಕುತ್ತಿಲ್ಲವಂತೆ ಎಂಬ ಸುದ್ದಿ ಬಂದ ದಿನ, ಅವಳು ಅಣ್ಣನ ಮುಂದೆ ಕೂತು ಎಲ್ಲ ಹೇಳಿದಳು.

"ಮೊದಲೇ ಹೇಳಿದ್ರೆ ನಾನೇನು ನಿನ್ನ ನುಂಗಿಬಿಡ್ತಿದ್ನಾ?" ಎಂದ ಅಣ್ಣ. ಆದರೂ ಶೆಡ್ಡಿನ ಬೀಗದ ಕೈಗಾಗಿ ಕೈ ಚಾಚಿದ. ಅವಳು ಕೊಟ್ಟಳು.

ಅಲ್ಲಿಂದ ನೇರ ವೈದ್ಯನ ಕ್ಲಿನಿಕ್ಕಿಗೆ ಹೋದಳು. ಖಾಲಿ ಬೆಂಚಿನ ಮೇಲೆ ಕೂತಳು; ಎದುರಿಗೆ ಅವನೊಬ್ಬನೇ.

"ನನಗೆ ವಾಸನೆ ಗೊತ್ತಾಗಲ್ಲ. ಅವತ್ತು ಎರಡನೇ ಸಲ ಹಾಕಿದ್ದು ನಾನೇ."

"ಹಾಕಿದ್ದು ಗೊತ್ತಿತ್ತು. ಸೀಸೆ ಅಷ್ಟು ಇಳಿದಿತ್ತು," ಎಂದ ಮೆಲ್ಲಗೆ. "ವಾಸನೆ ವಿಷಯ ಗೊತ್ತಿರಲಿಲ್ಲ."

"ಮತ್ತೆ ಯಾಕೆ ಸುಮ್ಮನಿದ್ರಿ?"

"ನೀವು ಹೇಳ್ತೀರಿ ಅಂತ ಕಾದೆ... ಹೇಳ್ಲಿಲ್ಲ. ನಾನು ನಿಮಗೆ ಏನೂ ಅಲ್ಲ ಅಂದ್ಕೊಂಡೆ."

ಅವಳ ಕಣ್ಣು ತುಂಬಿತು. "ಎಲ್ಲಾ ಆಗಿದ್ರಿ. ಹೇಳಿದ್ರೆ ಶೆಡ್ಡು ಹೋಗ್ತಿತ್ತು, ಹೇಳದೆ ನೀವು ಹೋದ್ರಿ. ಈಗ ಶೆಡ್ಡೂ ಹೋಯ್ತು. ಕೋಳಿಗಳಂತೂ ಮೊದಲೇ ಹೋದ್ವು."

ಅವನು ಬೆಂಚಿನ ಮೇಲೆ ಅವಳ ಪಕ್ಕ ಬಂದು ಕೂತ.

"ಒಂದು ಕೇಳ್ಲಾ?" ಎಂದ. "ಇನ್ಮೇಲೆ ನಿಮ್ಮ ವಿಷಯದಲ್ಲಿ ನಾನು ಮೂಗು ತೂರಿಸಬಹುದಾ?"

ಅಳುವಿನ ನಡುವೆಯೇ ಅವಳಿಗೆ ನಗು ಬಂತು.

"ಎಲ್ಲೀವರೆಗೆ?"

"ನೀವು ಸಾಕು ಅನ್ನೋವರೆಗೆ."

"ನಾನು ಅನ್ನಲ್ಲ," ಎಂದಳು ಅವಳು.